ಹೊಳೆದಂಡೆಯ ಮನೆ: ತಕ್ದೀರ್ ಮತ್ತು ತದ್ಬೀರ್

ಅಪಾಯವಿದೆ ಎಂದು ಗೊತ್ತಿದ್ದೂ ಮನುಷ್ಯ ಅದೇ ಜಾಗದಲ್ಲಿ ಯಾಕೆ ಮನೆ ಕಟ್ಟುತ್ತಾನೆ? ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಅಪಾಯದಿಂದ ದೂರ ಇರುವವರು. ಅಮೆರಿಕದ ಓಕ್ಲಹಾಮಾ ರಾಜ್ಯದಲ್ಲಿ ಮೂರ್ ಎಂಬ ಪಟ್ಟಣವಿದೆ. 1999ರ ಮೇ 3ರಂದು ಬೀಸಿದ ಸುಂಟರಗಾಳಿ ಅಲ್ಲಿನ ಬಡಾವಣೆಗಳನ್ನೇ ಕಿತ್ತು ಹಾಕಿತು. ಜನ ಅಲ್ಲೇ ಮತ್ತೆ ಮನೆ ಕಟ್ಟಿದರು. 2013ರ ಮೇ 20ರಂದು ಅದೇ ಪಟ್ಟಣದ ಮೇಲೆ ಇನ್ನೊಂದು ಸುಂಟರಗಾಳಿ ಹಾದುಹೋಯಿತು. ಸತ್ತ 24 ಜನರಲ್ಲಿ ಒಂದೇ ಶಾಲೆಯ ಏಳು ಮಕ್ಕಳಿದ್ದರು. ಜನ ಮತ್ತೆ ಅಲ್ಲೇ ಮನೆ ಕಟ್ಟಿದರು. ಇದನ್ನು ಓದಿದಾಗ ‘ಎಂಥ ಹುಚ್ಚು ಜನ’ ಎಂದು ನಮಗೆ ಅನ್ನಿಸುತ್ತದೆ. ಆದರೆ ಹಾಗೆ ಅನ್ನುವ ಮೊದಲು ನಮ್ಮ ಕಾಲಡಿಯ ನೆಲವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮಾನ್ವಿ-ಸಿರವಾರ ಸೀಮೆಯ ನಮ್ಮ ಮಲ್ಲಟದ ಸುತ್ತ ಬೇಸಿಗೆಯಲ್ಲಿ ಏಳುವ ಸುಳಿಗಾಳಿ ಒಂದಿಷ್ಟು ಧೂಳು, ಒಣ ಎಲೆ ಎತ್ತಿಕೊಂಡು ಹೊಲ ದಾಟಿ ಸುಮ್ಮನಾಗುತ್ತದೆ. ನಮ್ಮ ಭಯ ಗಾಳಿಯದಲ್ಲ, ನೀರಿನದು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಈ ಎರಡು ಹೊಳೆಗಳ ನಡುವಿನ ನೆಲವನ್ನೇ ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಅನ್ನ ಕೊಡುವುದೂ ಈ ಹೊಳೆಗಳೇ, ಮನೆ ಕೆಡವುವುದೂ ಇವೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಈ ಭಾಗದವರು ಮರೆಯುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಂತ್ರಾಲಯ ಮುಳುಗಿತು, ಕರ್ನೂಲು ನಗರದೊಳಗೆ ಹೊಳೆ ಹರಿಯಿತು. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಲಿಂಗಸುಗೂರು ತಾಲೂಕಿನ ನಡುಗಡ್ಡೆಗಳ ಜನ ಹೊರಗಿನ ಸಂಪರ್ಕ ಕಳೆದುಕೊಂಡರು. ನೀರು ಇಳಿದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು? ತಮ್ಮ ತಮ್ಮ ಮನೆಗೆ ಹೋದರು.

ಹೊಳೆದಂಡೆಯ ಒಬ್ಬ ರೈತನನ್ನು ಒಮ್ಮೆ ನಾನು ಕೇಳಿದ್ದೆ, ‘ಇಲ್ಲಿಂದ ಎದ್ದು ಎತ್ತರದ ಕಡೆ ಯಾಕೆ ಹೋಗಬಾರದು?’ ಅವನು ನಕ್ಕು ಹೇಳಿದ, ‘ಹೊಳಿ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಮನಿಗೆ ಬರ್ತದ ಸಾಹೇಬ್ರ, ಹಸಿವು ದಿನಾ ಎರಡು ಸಲ ಬರ್ತದ.’ ಇದು ಅಜ್ಞಾನಿಯ ಮಾತಲ್ಲ. ಅವನೂ ತೂಗಿ ನೋಡಿದ್ದಾನೆ. ಒಂದು ತಟ್ಟೆಯಲ್ಲಿ ಪ್ರವಾಹ. ಇನ್ನೊಂದು ತಟ್ಟೆಯಲ್ಲಿ ಹೊಲ, ಎಮ್ಮೆ, ಸಾಲ ಕೊಡುವ ಪರಿಚಯದವರು, ಸುಗ್ಗಿಯಲ್ಲಿ ಸಿಗುವ ಕೂಲಿ, ಹಿರಿಯರು ಮಲಗಿರುವ ಖಬರಸ್ತಾನ. ನಾವು ಪೇಟೆಯಲ್ಲಿ ಕುಳಿತು ಮೊದಲ ತಟ್ಟೆಯನ್ನು ಮಾತ್ರ ನೋಡಿ ತೀರ್ಪು ಕೊಡುತ್ತೇವೆ.

ಅಪಾಯದ ನೆಲದಲ್ಲಿ ಬದುಕುವವರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. ಓದಿದವರು ‘ಮೊದಲೇ ಗೊತ್ತಿರಲಿಲ್ಲವೇ? ಅನುಭವಿಸಲಿ’ ಎನ್ನುತ್ತಾರೆ. ಧಾರ್ಮಿಕರಲ್ಲಿ ಕೆಲವರು ‘ಎಲ್ಲವೂ ತಕ್ದೀರ್, ಸಾವು ಬರೆದಿದ್ದರೆ ಅರಮನೆಯಲ್ಲೂ ಬರುತ್ತದೆ’ ಎನ್ನುತ್ತಾರೆ. ಕೇಳಲು ಇವು ಒಂದಕ್ಕೊಂದು ವಿರುದ್ಧ. ಆದರೆ ಎರಡರ ಫಲವೂ ಒಂದೇ. ಎರಡೂ ಮಾತುಗಳು ಆಡಿದವನನ್ನು ಹೊಣೆಯಿಂದ ಬಿಡುಗಡೆ ಮಾಡುತ್ತವೆ. ತಪ್ಪು ಸತ್ತವನದು, ಇಲ್ಲವೇ ವಿಧಿಯದು. ನಾವು ಏನೂ ಮಾಡಬೇಕಾಗಿಲ್ಲ!

ತಕ್ದೀರ್‌ನ ಪ್ರಶ್ನೆಗೆ ಇಸ್ಲಾಮಿನ ಚರಿತ್ರೆಯಲ್ಲಿ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ಹಿಜರಿ 18ರ ಸುಮಾರಿಗೆ ಖಲೀಫ ಹಜರತ್ ಉಮರ್(ರ) ಸಿರಿಯಾದ ಕಡೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಜೊತೆಗಿದ್ದವರನ್ನು ಗುಂಪು ಗುಂಪಾಗಿ ಕರೆದು ಸಲಹೆ ಕೇಳಿದರು, ಕೊನೆಗೆ ಹಿಂದಿರುಗಲು ತೀರ್ಮಾನಿಸಿದರು. ಸೇನಾಪತಿ ಹಜರತ್ ಅಬೂ ಉಬೈದಾ(ರ) ಅವರಿಗೆ ಇದು ಸರಿ ಕಾಣಲಿಲ್ಲ. ಅಲ್ಲಾಹನ ನಿರ್ಣಯದಿಂದ ಓಡಿಹೋಗುತ್ತಿದ್ದೀರಾ ಎಂದು ನೇರವಾಗಿ ಕೇಳಿದರು. ಅಲ್ಲಾಹನ ಒಂದು ನಿರ್ಣಯದಿಂದ ಅವನದೇ ಇನ್ನೊಂದು ನಿರ್ಣಯದ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟ ಉಮರ್(ರ), ಒಂದು ಕಣಿವೆಯ ಉದಾಹರಣೆ ಹೇಳಿದರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಯಾವ ಬದಿಯಲ್ಲಿ ಮೇಯಿಸಿದರೂ ಅದು ದೇವರ ನಿರ್ಣಯವೇ. ಹಾಗಿದ್ದ ಮೇಲೆ ಹಸಿರು ಬದಿಯನ್ನು ಆರಿಸಿಕೊಳ್ಳುವುದು ಈಮಾನಿನ ಕೊರತೆ ಹೇಗಾದೀತು? ತಕ್ದೀರ್ ಎಂಬುದು ತದ್ಬೀರ್ ಬಿಟ್ಟು ಕೂಡಲು ಕೊಟ್ಟ ಪರವಾನಗಿಯಲ್ಲ.

ಈ ಘಟನೆಯನ್ನು ನಮ್ಮ ವಾಯಿಜ್‌ಗಳಲ್ಲಿ ಇಲ್ಲಿಗೇ ನಿಲ್ಲಿಸುವುದುಂಟು. ಆದರೆ ಮುಂದಿನ ಭಾಗ ಇನ್ನೂ ಮುಖ್ಯ. ಆಮೇಲೆ ಉಮರ್(ರ) ಅವರು ಅಬೂ ಉಬೈದಾ(ರ) ಅವರನ್ನು ಮದೀನಾಕ್ಕೆ ಕರೆಸಿಕೊಳ್ಳಲು ಪತ್ರ ಬರೆದರು. ತನ್ನ ಸೈನಿಕರನ್ನು ಬಿಟ್ಟು ತಾನೊಬ್ಬ ಉಳಿದುಕೊಳ್ಳಲು ಅಬೂ ಉಬೈದಾ(ರ) ಒಪ್ಪಲಿಲ್ಲ. ಆಗ ಜನರನ್ನು ತಗ್ಗಿನ ನೆಲದಿಂದ ಎತ್ತರದ, ಒಳ್ಳೆಯ ಗಾಳಿಯ ಜಾಗಕ್ಕೆ ಸಾಗಿಸಬೇಕೆಂದು ಖಲೀಫರಿಂದ ಇನ್ನೊಂದು ಪತ್ರ ಬಂತೆಂದು ಇತಿಹಾಸಕಾರರು ಹೇಳುತ್ತಾರೆ. ಅಬೂ ಉಬೈದಾ(ರ) ಅದೇ ಪಿಡುಗಿನಲ್ಲಿ ತೀರಿಕೊಂಡರು. ಒಬ್ಬರು ಹಿಂದಿರುಗಿದರು, ಒಬ್ಬರು ಉಳಿದರು. ಇಬ್ಬರಲ್ಲಿ ಯಾರನ್ನೂ ನಾವು ತಪ್ಪಿತಸ್ಥರೆನ್ನುವುದಿಲ್ಲ. ಯಾಕೆಂದರೆ ಇಬ್ಬರ ತೀರ್ಮಾನದಲ್ಲೂ ಬೇರೆಯವರ ಜೀವದ ಹೊಣೆ ಇತ್ತು. ಎತ್ತರಕ್ಕೆ ಹೋಗಿ ಎಂದು ಉಪದೇಶ ಮಾಡಿ ರಾಜ್ಯಾಧಿಕಾರಿ ಸುಮ್ಮನಾಗಲಿಲ್ಲ, ಸಾಗಿಸುವ ಆಜ್ಞೆ ಹೊರಡಿಸಿದರು.

ಕುರ್‌ಆನಿನ ನಾಲ್ಕನೆಯ ಅಧ್ಯಾಯವಾದ ‘ಅನ್ನಿಸಾ’ದಲ್ಲಿ ಹಿಜ್ರತ್ ಮಾಡಬಹುದಾಗಿದ್ದೂ ದಬ್ಬಾಳಿಕೆಯ ನೆಲದಲ್ಲೇ ಉಳಿದವರನ್ನು ದೇವದೂತರು ಪ್ರಶ್ನಿಸುವ ಪ್ರಸಂಗವಿದೆ. ಅದು ಪ್ರವಾಹದ ಸಂದರ್ಭದ ಮಾತಲ್ಲ. ಆದರೆ ಅದರ ಮರುವಚನದಲ್ಲೇ ಉಪಾಯವಿಲ್ಲದ, ದಾರಿ ಕಾಣದ ದುರ್ಬಲ ಗಂಡಸರು, ಹೆಂಗಸರು, ಮಕ್ಕಳಿಗೆ ವಿನಾಯಿತಿ ಇದೆ. ಭೂಮಿ ವಿಶಾಲವೇ ಹೌದು, ಆದರೆ ಕೈಯಲ್ಲಿ ಕಾಸಿಲ್ಲದವನಿಗೆ ಪಕ್ಕದ ಊರೂ ದೂರ. ದೇವರು ವಿನಾಯಿತಿ ಕೊಟ್ಟವರನ್ನು ನಾವು ‘ಮೊದಲೇ ಗೊತ್ತಿರಲಿಲ್ಲವೇ’ ಎಂದು ಕೇಳುವುದು ಎಷ್ಟು ಸರಿ?

ಹಾಗಾದರೆ ಸರ್ಕಾರ ಎತ್ತರದಲ್ಲಿ ಮನೆ ಕಟ್ಟಿಕೊಟ್ಟರೆ ಮುಗಿಯಿತೇ? 2009ರ ನಂತರ ನಮ್ಮಲ್ಲಿ ಅದೂ ಆಯಿತು. ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಅನೇಕ ಊರುಗಳಿಗೆ ಹೊಸ ಮನೆಗಳು ಎದ್ದವು. ಕೆಲವು ಕಡೆ ಜನ ಹೋಗಿ ನೆಲೆಸಿದರು. ಇನ್ನು ಕೆಲವು ಕಡೆ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದು ಅಂಗಳದಲ್ಲಿ ಜಾಲಿ ಬೆಳೆಯಿತು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಜೋಳದ ಚೀಲ ಇಡಲು ಮೂಲೆಯಿಲ್ಲ, ನೀರಿಲ್ಲ, ದೀಪವಿಲ್ಲ. ಕೊಟ್ಟವರು ಪ್ರವಾಹವನ್ನು ಮಾತ್ರ ತೂಗಿದ್ದರು, ಬದುಕನ್ನು ತೂಗಿರಲಿಲ್ಲ. ಸರ್ಗ್‌ನಲ್ಲಿ ಖಲೀಫರು ಮೊದಲು ಮಾಡಿದ ಕೆಲಸ ಕೇಳುವುದು. ನಮ್ಮಲ್ಲಿ ಅದು ಎಷ್ಟೋ ಕಡೆ ಬಿಟ್ಟುಹೋಯಿತು.

ಅಪಾಯ ಕೇವಲ ಜಾಗದಲ್ಲಿಯೂ ಇರುವುದಿಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಪ್ರದೇಶದಲ್ಲಿ ಬೀಸಿದ ಸುಂಟರಗಾಳಿಗೆ ಸುಮಾರು 1,300 ಜನ ಬಲಿಯಾದರು. ಮೂರ್‌ನಲ್ಲಿ ಸತ್ತವರು 24. ಗಾಳಿ ಎರಡೂ ಕಡೆ ಭೀಕರವೇ. ಒಂದು ಕಡೆ ಸೈರನ್, ಟಿ.ವಿ. ಎಚ್ಚರಿಕೆ, ಗಟ್ಟಿ ಮನೆ ಇದ್ದವು. ಇನ್ನೊಂದು ಕಡೆ ತಗಡು, ಬಿದಿರು, ಮಣ್ಣು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಹತ್ತು ಸಾವಿರದಷ್ಟು ಜನ ಸತ್ತಾಗಲೂ ಕೊಂದದ್ದು ಮುಖ್ಯವಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಮೇಲಿನ ಭಾರವಾದ ಮಾಳಿಗೆ. ನಮ್ಮ ಭಾಗದ ಹಳೆಯ ಮನೆಗಳೂ ಅದೇ ಜಾತಿಯವು. 2009ರಲ್ಲಿ ಸತ್ತವರಲ್ಲಿ ಅನೇಕರನ್ನು ಒಯ್ದದ್ದು ಹೊಳೆಯಲ್ಲ, ನೆನೆದು ಕುಸಿದ ಅವರದೇ ಗೋಡೆ. ಊರು ಬಿಡಲಾಗದವನು ಮಾಳಿಗೆಯನ್ನಾದರೂ ಹಗುರ ಮಾಡಿಕೊಳ್ಳಬಹುದು, ಅದಕ್ಕೆ ಅವನ ಕೈಗೆ ಹಣ ಬೇಕು ಅಷ್ಟೆ.

ಊರು ಬಿಟ್ಟವರ ಕಥೆಯೇನು? ನಮ್ಮ ತಾಲೂಕುಗಳಿಂದ ಪ್ರತಿವರ್ಷ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವವರು ಕಟ್ಟಡಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಮಗು ಮರಳಿನ ರಾಶಿಯ ಮೇಲೆ ಬೆಳೆಯುತ್ತದೆ, ಶಾಲೆ ತಪ್ಪುತ್ತದೆ. ಹೊಳೆಯ ಅಪಾಯ ಬಿಟ್ಟು ಕಟ್ಟಡದ ಅಪಾಯಕ್ಕೆ ಬಂದಿದ್ದಾರೆ. ಅಪಾಯವೇ ಇಲ್ಲದ ಜಾಗ ಬಡವನಿಗೆ ಯಾರೂ ಇಟ್ಟಿಲ್ಲ. ಅವನ ಮುಂದಿರುವುದು ಒಂದು ಅಪಾಯ ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ.

ಇಷ್ಟೆಲ್ಲ ಹೇಳಿದ ಮೇಲೂ ಉಳಿದವರಿಗೆ ಒಂದು ಪ್ರಶ್ನೆ ಕೇಳಲೇಬೇಕು. ತನ್ನ ಜೀವವನ್ನು ಪಣಕ್ಕಿಡುವುದು ಬೇರೆ, ಮನೆಯವರ ಜೀವವನ್ನು ಪಣಕ್ಕಿಡುವುದು ಬೇರೆ. ಹೊಳೆದಂಡೆಯ ಮನೆಯನ್ನು ಆರಿಸಿಕೊಂಡವನು ಅಜ್ಜ, ಬಿಡುವುದಿಲ್ಲ ಎನ್ನುವವನು ಮಗ. ಆ ಮನೆಗೆ ನಿಕಾಹ್ ಆಗಿ ಬಂದ ಸೊಸೆಯನ್ನು ಯಾರು ಕೇಳಿದರು? ತೊಟ್ಟಿಲಲ್ಲಿರುವ ಮಗುವನ್ನು ಕೇಳುವಂತೆಯೂ ಇಲ್ಲ. ನೀರು ಬಂದ ರಾತ್ರಿ ಗಂಡಸರು ಅಂಗಳದಲ್ಲೋ ಹೊಲದಲ್ಲೋ ಇರುತ್ತಾರೆ. ಒಳಗೆ ಮಾಳಿಗೆಯ ಕೆಳಗೆ ಇರುವವರು ಬಾಣಂತಿ, ಮುದುಕಿ, ಮಕ್ಕಳು. ತೂಗುವವನು ಒಬ್ಬ, ಬೆಲೆ ಕೊಡುವವರು ಇನ್ನೊಬ್ಬರು. ಅಪಾಯದ ಲೆಕ್ಕದಲ್ಲಿ ನಡೆಯುವ ದೊಡ್ಡ ಅನ್ಯಾಯ ಇದೇ ಎಂದು ನನಗೆ ತೋರುತ್ತದೆ. ಸರ್ಕಾರ ರೈತನನ್ನು ಕೇಳದೆ ಮನೆ ಕಟ್ಟುವುದೂ, ಮನೆಯ ಯಜಮಾನ ಹೆಂಗಸರನ್ನು ಕೇಳದೆ ‘ನಾವು ಇಲ್ಲೇ ಇರುತ್ತೇವೆ’ ಎನ್ನುವುದೂ ಒಂದೇ ತಪ್ಪಿನ ಎರಡು ಅಳತೆಗಳು.

ಆದ್ದರಿಂದ ಎಲ್ಲಿ ಬದುಕಬೇಕು ಎಂಬುದಕ್ಕೆ ಎಲ್ಲರಿಗೂ ಒಗ್ಗುವ ಒಂದೇ ಉತ್ತರವಿಲ್ಲ. ಉಳಿಯುವ ಹಕ್ಕೂ ಹೋಗುವ ಹಕ್ಕೂ ಎರಡೂ ಇರಬೇಕು. ಹೋಗುವವನಿಗೆ ಹೊಸ ಜಾಗದಲ್ಲಿ ದನದ ಕೊಟ್ಟಿಗೆ, ಶಾಲೆ, ಕುಡಿಯುವ ನೀರು ಸಿಗಬೇಕು. ಉಳಿಯುವವನಿಗೆ ಹಗುರ ಮಾಳಿಗೆ, ಜಲಾಶಯದ ನೀರು ಬಿಡುವ ಮುನ್ನ ಎಚ್ಚರಿಕೆ, ಮಳೆ ಜೋರಾದ ರಾತ್ರಿ ಹೆಂಗಸರು ಮಕ್ಕಳು ಮಲಗಲು ಊರಿನ ಎತ್ತರದಲ್ಲೊಂದು ಗಟ್ಟಿ ಕಟ್ಟಡ ಬೇಕು. ನಮ್ಮ ಮಸೀದಿಗಳು, ಗುಡಿಗಳು, ಶಾಲೆಗಳು ಎಷ್ಟೋ ಊರಲ್ಲಿ ಮನೆಗಳಿಗಿಂತ ಗಟ್ಟಿಯಾಗಿವೆ. ಮುಂದಿನ ಮಳೆಗಾಲಕ್ಕೆ ಮೊದಲು, ಅವುಗಳ ಬಾಗಿಲು ಆ ರಾತ್ರಿ ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ತೆರೆದಿರುತ್ತದೆ ಎಂಬ ಮಾತನ್ನಾದರೂ ಊರಿನ ಹಿರಿಯರು ಕೊಡಬಹುದು. ಅದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ. ಬೀಗದ ಕೈ ಯಾರ ಬಳಿ ಇದೆ ಎಂದು ಎಲ್ಲರಿಗೂ ಗೊತ್ತಿದ್ದರೆ ಸಾಕು.