ಬೆನ್ನ ಹಿಂದಿನ ಹೊಗೆ

ನನ್ನ ಕಾರಿಗೆ 15 ವರ್ಷ ತುಂಬಿತು. ಮನುಷ್ಯನಿಗಾದರೆ ಮೀಸೆ ಮೂಡುವ ವಯಸ್ಸು, ಕಾರಿಗೆ ವಾನಪ್ರಸ್ಥ. ಕಾಲೇಜಿನ ಹೊಂಗೆಮರದ ನೆರಳಿನಲ್ಲಿ ಹೊಸ ಗಾಡಿಗಳನ್ನು ನಿಲ್ಲಿಸುವ ಸಹೋದ್ಯೋಗಿಗಳು, "ಏನು ಸಾರ್, ಇನ್ನೂ ಇದನ್ನೇ ಇಟ್ಟುಕೊಂಡಿದ್ದೀರಲ್ಲ!" ಎಂದು ಮರುಕಪಡುತ್ತಾರೆ. ಬಹಳ ಕಾಲ ಈ ಮರುಕಕ್ಕೆ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಹಳೆಯದನ್ನು ಬಿಸಾಡದೆ ರಿಪೇರಿ ಮಾಡಿಕೊಂಡು ಬಾಳುವುದು ಒಂದು ಸದ್ಗುಣ. ಅದು ನನ್ನಲ್ಲಿ ಉಂಟು, ಇವರಲ್ಲಿ ಇಲ್ಲ ಎಂಬುದು ನನ್ನ ಗುಟ್ಟಿನ ಲೆಕ್ಕ. ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿತ್ತೆಂಬುದು ತಡವಾಗಿ ತಿಳಿಯಿತು. ಅದನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ಮೊದಲು ಕಾರಿನ ಪರಿಚಯ. ಚಿಕ್ಕದು, ಡೀಸೆಲಿನದು. ತಯಾರಿಸಿದವರ ಹೆಸರು ಬೇಡ. ಇಷ್ಟು ವರ್ಷ ದುಡಿದ ಯಂತ್ರ ಸವೆದರೆ ಅದು ಅವರ ತಪ್ಪಲ್ಲ. 1998ರ ಕೊನೆಯಲ್ಲಿ ಟಾಟಾ ಇಂಡಿಕಾ ಬಂದ ಮೇಲೆ ಚಿಕ್ಕ ಡೀಸೆಲ್ ಕಾರು ನಮ್ಮಂಥ ಸಂಬಳಗಾರರ ಕೈಗೂ ಎಟುಕಿತು. ಆಗ ಡೀಸೆಲು ಪೆಟ್ರೋಲಿಗಿಂತ ಬಹಳ ಅಗ್ಗ. ರೈತನ ಪಂಪು, ಲಾರಿ, ಬಸ್ಸುಗಳನ್ನು ನೆನೆದು ಸರ್ಕಾರ ಬೆಲೆ ತಗ್ಗಿಸಿದ್ದ ಎಣ್ಣೆಯನ್ನು ನಾವೂ ನಿಸ್ಸಂಕೋಚವಾಗಿ ಹಾಕಿಸಿಕೊಂಡೆವು. 2014ರ ಅಕ್ಟೋಬರಿನಲ್ಲಿ ಬೆಲೆಯ ಹತೋಟಿ ಹೋಯಿತು. 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6ರ ನಿಯಮ ಬಂದಾಗ ಮಾರುತಿಯಂಥ ದೊಡ್ಡ ಕಂಪನಿಯೇ ಡೀಸೆಲ್ ಕಾರು ಕಟ್ಟುವುದನ್ನು ನಿಲ್ಲಿಸಿತು. ಹೀಗೆ ನನ್ನದು ನಂದಿಹೋಗುತ್ತಿರುವ ವಂಶದ ಕುಡಿ. 2010ರ ಆರಂಭದಲ್ಲಿ ಕೊಂಡದ್ದು. ನೆತ್ತಿಯ ಮೇಲೆ ದೇವನಹಳ್ಳಿ ಆರ್‌ಟಿಓ ಕಚೇರಿಯ 'ಕೆಎ 43' ಮುದ್ರೆ. ಮನೆ ದೊಡ್ಡಬಳ್ಳಾಪುರದಲ್ಲಿ, ಕೆಲಸ ದೇವನಹಳ್ಳಿಯಲ್ಲಿ. ನಡುವೆ ಸುಮಾರು 20 ಕಿಲೋಮೀಟರು. ಈ ದಾರಿಯನ್ನು ಅದು ಎತ್ತಿನ ಹಾಗೆ ಬಲ್ಲುದು. ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ದದ್ದೂ, ಅವರಿಲ್ಲದೆ ಬರಿಯ ಹಾಸಿಗೆಯನ್ನು ಸುತ್ತಿಕೊಂಡು ಹಿಂತಿರುಗಿದ್ದೂ ಅದರಲ್ಲೇ. ಇಂಥದ್ದನ್ನು ಬಿಡಲು ಮನಸ್ಸು ಬಾರದು.

ಕನ್ನಡ ಪಾಠ ಹೇಳುವವನಿಗೆ ತನ್ನ ಜಿಪುಣತನಕ್ಕೂ ಶಾಸ್ತ್ರಾಧಾರ ಒದಗಿಸಿಕೊಳ್ಳುವುದು ಕಷ್ಟವಲ್ಲ. ನಮ್ಮ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದು, ಶಿಥಿಲವಾದದ್ದು ಇವುಗಳನ್ನು ಎತ್ತಿ ನಿಲ್ಲಿಸುವುದಕ್ಕಾಗಿ ಇಷ್ಟು ಭೂಮಿ ಬಿಟ್ಟಿದೆ ಎಂದು ಅದರ ತಾತ್ಪರ್ಯ. ಗುಡಿ ಕಟ್ಟಿಸಿದವನು ಅದು ಬಿರಿಯುವ ದಿನವನ್ನೂ ಮೊದಲೇ ನೆನೆದಿದ್ದ. ಕೆರೆಗೂ ಹಾಗೆಯೇ, ಅದರ ಪಾಲನೆಗೆಂದು 'ಬಿತ್ತುವಟ್ಟ', 'ಕಟ್ಟುಕೊಡಗೆ' ಮೊದಲಾದ ಹೆಸರುಗಳಲ್ಲಿ ಆದಾಯವನ್ನು ಮೀಸಲಿಡುತ್ತಿದ್ದರು. ಕೊಳ್ಳುವ ದಿನದ ಬೆಲೆಯೊಂದೇ ಬೆಲೆಯಲ್ಲ, ಕಾಪಾಡುವುದಕ್ಕೂ ಬೆಲೆಯುಂಟು ಎಂದು ಬಲ್ಲ ಜನ. ಒಂದು ದಿನ ತರಗತಿಯಲ್ಲಿ ಇದನ್ನು ಕೊಂಚ ಆವೇಶದಿಂದಲೇ ವಿವರಿಸುತ್ತಿದ್ದೆ. ಅಷ್ಟರಲ್ಲಿ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತ. ದಿನವೂ ತಡವಾಗಿ ಬರುವವನು.

"ಏನಪ್ಪ, ನಾನೂ ದೊಡ್ಡಬಳ್ಳಾಪುರದಿಂದಲೇ ಬರುತ್ತೇನೆ. ನನಗಿಲ್ಲದ ತಡ ನಿನಗೇಕೆ?" ಎಂದು ಗದರಿದೆ.

"ನಿಮ್ಮ ಹಿಂದೇನೇ ಬರ್ತೀನಿ ಸಾರ್. ಏರು ಸಿಕ್ಕಿದಾಗ ಬೈಕ್ ನಿಲ್ಲಿಸ್ಕೊಂಡು, ನೀವು ಮುಂದೆ ಹೋದ್ಮೇಲೆ ಬರ್ತೀನಿ."

"ಯಾಕೆ?"

"ಹೊಗೆ ಸಾರ್."

ತರಗತಿ ಗೊಳ್ಳೆಂದಿತು. ಹುಡುಗನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೆ. ಜೀರ್ಣೋದ್ಧಾರದ ಉಪನ್ಯಾಸ ಅಲ್ಲಿಗೆ ನಿಂತಿತು.

ನನ್ನ ಗಾಡಿ ಹೊಗೆ ಕಾರುತ್ತದೆಂದು ನನಗೆ ಗೊತ್ತಿರಲಿಲ್ಲವೆ? ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದನ್ನು ನಾನು ನೋಡಿರಲಿಲ್ಲ. ಗಾಡಿಯ ಕಟ್ಟಣೆಯೇ ಅಂಥದು: ಓಡಿಸುವವನ ಕಣ್ಣು ಮುಂದಕ್ಕೆ, ಹೊಗೆಯ ಕೊಳವೆ ಹಿಂದಕ್ಕೆ. ನೋಡಬಾರದೆಂದು ಇಷ್ಟವಿದ್ದರೆ ನೋಡದೆಯೇ ಒಂದು ಆಯುಷ್ಯವನ್ನು ಕಳೆಯಬಹುದು. ಮೇಲಾಗಿ ನನ್ನ ಬಳಿ ಹೊಗೆ ತಪಾಸಣೆಯ ಪ್ರಮಾಣಪತ್ರವಿತ್ತು. ಡೀಸೆಲ್ ಗಾಡಿಯ ತಪಾಸಣೆಯಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ತುಳಿದು, ಹೊರಬರುವ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆಂದು ಅಳೆಯಬೇಕು. ನನ್ನ ಗಾಡಿಯನ್ನು ತಪಾಸಣೆ ಮಾಡಿದವನು ಮಗುವಿನ ಕೆನ್ನೆ ಸವರುವಂತೆ ಅದನ್ನು ಮುಟ್ಟಿ ಬಿಟ್ಟ. ನಾನು ಕಂಡೆ, ಸುಮ್ಮನಿದ್ದೆ, ಹಣ ಕೊಟ್ಟು ಕಾಗದ ಮಡಿಸಿ ಜೇಬಿಗಿಟ್ಟೆ. ಅವನ ತಪ್ಪು ಅವನಿಗಿರಲಿ, ಆ ಕಾಗದ ಯಾರಿಗೆ ಬೇಕಾಗಿತ್ತು? ಪೊಲೀಸಿನವರಿಗಿಂತ ಹೆಚ್ಚಾಗಿ ನನ್ನ ಮನಸ್ಸಿಗೆ.

ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿತು. ನಾನದನ್ನು ಪತ್ರಿಕೆಯಲ್ಲಿ ಓದಿದ್ದೆ; ಲಾರಿಗಳ ವಿಷಯವೆಂದುಕೊಂಡು ಪುಟ ತಿರುಗಿಸಿದ್ದೆ. ಈಗ ಒಬ್ಬ ಹುಡುಗ ಏರಿನಲ್ಲಿ ಬೈಕು ನಿಲ್ಲಿಸಿ, ಮೂಗಿಗೆ ಕರ್ಚೀಫು ಹಿಡಿದು, ಮೇಷ್ಟರ ಸದ್ಗುಣ ದಾಟಿಹೋಗಲೆಂದು ಕಾಯುವ ಚಿತ್ರ ಕಣ್ಣಿಗೆ ಕಟ್ಟಿತು.

ಸಂಜೆಯೇ ನಮ್ಮೂರ ಮೇಸ್ತ್ರಿಯ ಬಳಿ ಹೋದೆ. ವಯಸ್ಸಾದವರು, ವೈದ್ಯ ನಾಡಿ ಹಿಡಿದಂತೆ ಹೊಗೆಯ ಬಣ್ಣ ನೋಡಿ ರೋಗ ಹೇಳುವವರು. ನೀಲಿಯಾದರೆ ಇಂಜಿನ್ ಆಯಿಲು ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯಾದರೆ ನೀರು ಒಳಸೇರಿರಬಹುದು. ಕಪ್ಪಾದರೆ ಡೀಸೆಲು ಹೆಚ್ಚು, ಗಾಳಿ ಕಡಮೆ. "ಗಾಡಿ ಸತ್ತಿಲ್ಲ ಮೇಷ್ಟ್ರೇ. ಎಣ್ಣೆ ಜಾಸ್ತಿ ಕುಡೀತಿದೆ, ಉಸಿರು ಕಮ್ಮಿ ತಗೊಳ್ತಿದೆ" ಎಂದರು. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆ ಕಾವಿನಲ್ಲೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡಬೇಕು. ಆ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುವುದು ಇಂಜೆಕ್ಟರಿನ ಕೆಲಸ. ಈ ವಿದ್ಯೆ ನಮ್ಮ ಬೆಂಗಳೂರಿಗೆ ಹೊಸದಲ್ಲ. 1951ರಲ್ಲಿ ಹುಟ್ಟಿದ ಮೈಕೊ ಕಾರ್ಖಾನೆ ಆಡುಗೋಡಿಯಲ್ಲಿ ದಶಕಗಳ ಕಾಲ ಡೀಸೆಲ್ ಪಂಪು, ಇಂಜೆಕ್ಟರುಗಳನ್ನು ಮಾಡಿತು. ನಮ್ಮ ಮೇಸ್ತ್ರಿಯಂಥವರ ಬಾಯಲ್ಲಿ 'ಮೈಕೊ' ಎಂದರೆ ಇಂದಿಗೂ ಒಂದು ಪ್ರಮಾಣ. ನನ್ನ ಗಾಡಿಯ ನಾಲ್ಕು ಇಂಜೆಕ್ಟರುಗಳಲ್ಲಿ ಎರಡು ಮಂಜಿನ ಬದಲು ಹನಿ ಬಿಡುತ್ತಿದ್ದವು. ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಕಳುಹಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಲ್ಲಾಗಿತ್ತು.

ಮೇಸ್ತ್ರಿ ಮೂರು ದಾರಿ ಹೇಳಿದರು. ಒಂದು, ಹೊಸ ಏರ್ ಫಿಲ್ಟರ್ ಹಾಕಿ, ಇಂಜಿನನ್ನು ಚೆನ್ನಾಗಿ ಕಾಯಿಸಿ ಎಫ್‌ಸಿ ದಿನ ದಾಟಿಸಿಬಿಡುವುದು. ಎರಡು, ಇಂಜೆಕ್ಟರುಗಳನ್ನು ಬಿಚ್ಚಿ ಬೆಂಗಳೂರಿಗೆ ಕಳುಹಿಸಿ ಸರಿಮಾಡಿಸುವುದು. ಇದಕ್ಕೆ ನನ್ನ ತಿಂಗಳ ಸಂಬಳದ ಮೂರರಲ್ಲೊಂದು ಪಾಲು. ಮೂರು, "ಹಳ್ಳಿ ಕಡೆಯೋರಿಗೆ ಕೊಟ್ಟುಬಿಡಿ, ಅಲ್ಲಿ ಯಾರೂ ಕೇಳಲ್ಲ."

ಮೊದಲನೆಯದು ಕಾಗದವನ್ನು ರಿಪೇರಿ ಮಾಡುವ ದಾರಿ. ಅದನ್ನು ಆಗಲೇ ಒಮ್ಮೆ ತುಳಿದಿದ್ದೆ. ಮೂರನೆಯದು ನೋಡಲು ತ್ಯಾಗದಂತಿದೆ. ಯೋಚಿಸಿದರೆ ಹೊಗೆ ಅಲ್ಲೇ ಇರುತ್ತದೆ, ಅದನ್ನು ಕುಡಿಯುವ ಎದೆ ಮಾತ್ರ ಬೇರೆಯಾಗುತ್ತದೆ. ಕೊಳ್ಳುವವನು ಬಡವನಾದರೆ ನನ್ನ ಇಂಜೆಕ್ಟರಿನ ಖರ್ಚೂ ಅವನ ತಲೆಗೆ. ಯಾರೂ ಕೇಳದ ಕಡೆಗೆ ನಮ್ಮ ದೋಷವನ್ನು ಸಾಗಿಸುವುದನ್ನು ನಾವು ವಿಲೇವಾರಿ ಎನ್ನುತ್ತೇವೆ.

ಹಾಗಾದರೆ ಗುಜರಿಗೆ ಹಾಕಿ ಹೊಸತನ್ನು ಕೊಳ್ಳಬಾರದೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾರೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ನಿಷೇಧ ಬಂತು; 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ಅದೇ ಕೋರ್ಟು, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ 4ನೆಯ ದರ್ಜೆಯವಕ್ಕೂ ಅನಂತರದವಕ್ಕೂ ಸೀಮಿತಗೊಳಿಸಿತು. ನನ್ನದು 3ನೆಯ ದರ್ಜೆಯದು, ಅಲ್ಲಿದ್ದಿದ್ದರೆ ಉಳಿಯುತ್ತಿರಲಿಲ್ಲ. ನಮ್ಮಲ್ಲಿ 15 ವರ್ಷವಾದ ಮೇಲೂ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಲ್ಲಿ 5,000 ಆಯಿತು. ಹೊಸ ಕಾರು ನನ್ನ ಬೀದಿಯಲ್ಲಿ ಕಡಮೆ ಹೊಗೆ ಬಿಡುವುದು ದಿಟ. ಆದರೆ ಅದರ ಉಕ್ಕು ಕರಗಿದ ಊರಿನಲ್ಲೂ ಹೊಗೆ ಎದ್ದಿರುತ್ತದೆ. ಅದು ನನ್ನ ಕನ್ನಡಿಯಲ್ಲಿ ಕಾಣುವುದಿಲ್ಲ, ಅಷ್ಟೆ. ಎರಡು ಹೊಗೆಗಳನ್ನೂ ತೂಗಿ ನೋಡುವ ತಕ್ಕಡಿ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿರುವುದು ಇಷ್ಟು: ಇಟ್ಟುಕೊಳ್ಳುವೆನಾದರೆ ಹಿಂದೆ ಬರುವವನಿಗೆ ನೋವಾಗದಂತೆ ಇಟ್ಟುಕೊಳ್ಳಬೇಕು, ಅದು ಆಗದ ದಿನ, ನೆನಪುಗಳೆಷ್ಟೇ ಇರಲಿ, ಬಿಡಬೇಕು. ತಂದೆಯವರ ನೆನಪಿಗೆ ಬೇರೊಬ್ಬರ ಮಗ ಕೆಮ್ಮಬೇಕಾಗಿಲ್ಲ.

ಈ ಮಾತನ್ನು ಎಲ್ಲರಿಗೂ ಒಂದೇ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ಹೊಸಕೋಟೆಯ ಸಂತೆಗೆ ತರಕಾರಿ ಹೊರುವ ಹಳೆಯ ಟೆಂಪೊದವನಿಗೆ ಒಂದು ದಿನ ಗಾಡಿ ನಿಂತರೆ ಒಲೆ ಆರುತ್ತದೆ. ನನಗೆ ತಿಂಗಳ ಸಂಬಳವುಂಟು. ಅವನ ಹೊಗೆಯ ಹಿಂದೆ ಬಡತನವಿದೆ; ನನ್ನದರ ಹಿಂದೆ ಇದ್ದದ್ದು ಬರಿಯ ಉದಾಸೀನ.

ಆ ಮೇಲೆ ಶಾಸನದ ಪಾಠವನ್ನು ಮತ್ತೊಮ್ಮೆ ಮಾಡಿದೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ನಮ್ಮ ಸೀಮೆಯ ಕೆರೆಗಳನ್ನು ಹಾದು ಹೆಸರಘಟ್ಟಕ್ಕೂ, ಮುಂದೆ ತಿಪ್ಪಗೊಂಡನಹಳ್ಳಿಗೂ ಸಾಗುವ ಹೊಳೆ. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಮೇಲಿನ ಕಟ್ಟೆ ಒಡೆದರೆ ಕೆಳಗಿನ ಊರಿಗೆ ಕೇಡು. ಕಟ್ಟೆ ಹಳೆಯದೆಂಬ ಮೋಹದಿಂದಷ್ಟೇ ಹಿರಿಯರು ಅದರ ದುರಸ್ತಿಗೆ ಭೂಮಿ ಬಿಡಲಿಲ್ಲ, ಕೆಳಗೆ ಜನರಿದ್ದರು. ಜೀರ್ಣೋದ್ಧಾರದ ಪಾಠದಲ್ಲಿ ನಾನು ಅರ್ಧವನ್ನು ಮಾತ್ರ ಹೇಳಿದ್ದೆ.

ಇಂಜೆಕ್ಟರುಗಳು ಸರಿಯಾಗಿ ಬಂದವು. ಮೇಸ್ತ್ರಿಯನ್ನು ಒಳಗೆ ಕೂರಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿಯಿರೆಂದು ಹೇಳಿ, ನಾನು ಗಾಡಿಯ ಹಿಂದೆ ಹೋಗಿ ನಿಂತೆ. 15 ವರ್ಷಗಳಲ್ಲಿ ಅದೇ ಮೊದಲು. ಹೊಗೆ ಇಲ್ಲವೇ ಇಲ್ಲವೆನ್ನಲಾರೆ; ತೆಳ್ಳಗೆ ಬಂದು ಚದುರಿತು. ನವೀಕರಣವೂ ಆಯಿತು. "ಐದು ವರ್ಷ ಅಂತ ಅವರು ಬರ್ಕೊಂಡಿದ್ದಾರೆ ಮೇಷ್ಟ್ರೇ, ಗಾಡಿ ಬರ್ಕೊಂಡಿಲ್ಲ. ಕಪ್ಪು ಕಂಡ ದಿನ ತನ್ನಿ" ಎಂದರು ಮೇಸ್ತ್ರಿ. ಕಾಣುವವನು ನಾನಲ್ಲವಲ್ಲ! ಆದ್ದರಿಂದ ಆ ಕೆಲಸವನ್ನು ಹುಡುಗನಿಗೆ ವಹಿಸಿದ್ದೇನೆ.

ಮೊನ್ನೆ ಅವನು ಮತ್ತೆ ತಡವಾಗಿ ಬಂದ. ನನ್ನ ಎದೆ ಧಸಕ್ಕೆಂದಿತು.

"ಹೊಗೆಯೇನಪ್ಪ?" ಎಂದೆ.

"ಇಲ್ಲ ಸಾರ್, ಇವತ್ತು ಪಂಕ್ಚರ್."

ಬದುಕಿದೆ ಎಂದುಕೊಂಡು ಹಾಜರಿ ಹಾಕಿದೆ.