ಮಾಡಿದವರು ಯಾರು, ಉಣ್ಣುವವರು ಯಾರು: ಹಂಚಿಕೆಯ ಸಂಪರ್ಕವೂ ಕ್ಷಣಿಕವಾದವೂ

ಮಾಡಿದವನೇ ಫಲವನ್ನು ಉಣ್ಣಬೇಕೆಂಬ ನಿಯಮವನ್ನು ಭಾರತದ ಬಹುತೇಕ ದರ್ಶನಗಳು ಒಪ್ಪಿವೆಯಾದರೂ, ಮಾಡಿದ ಕಾಲಕ್ಕೂ ಉಣ್ಣುವ ಕಾಲಕ್ಕೂ ನಡುವೆ ಅವನು ಒಬ್ಬನೇ ಆಗಿ ಉಳಿಯುವುದು ಹೇಗೆಂಬ ವಿಚಾರದಲ್ಲಿ ಅವು ಒಂದಾಗಿಲ್ಲ. ಇರುವುದೆಲ್ಲವೂ ಹುಟ್ಟಿದ ಕ್ಷಣದಲ್ಲೇ ಅಳಿಯುತ್ತದೆ, ಒಂದೇ ಎಂದು ಲೋಕ ತಿಳಿದಿರುವುದು ಒಂದರ ಬೆನ್ನಿಗೊಂದು ಹುಟ್ಟುವ ಕ್ಷಣಗಳ ಕಡಿಯದ ಹರಿವು, ಅರ್ಥಾತ್ ಸಂತಾನ, ಎಂದು ಹೇಳುವ ಬೌದ್ಧರ ಕ್ಷಣಿಕವಾದದ ಮೇಲೆ ಪ್ರತಿವಾದಿಗಳು ಎರಡು ದೋಷಗಳನ್ನು ಜೋಡಿಯಾಗಿ ಹೊರಿಸಿದರು. ಮಾಡಿದವನು ಅಳಿದದ್ದರಿಂದ ಅವನ ಕರ್ಮ ಫಲ ಕೊಡದೆ ಹಾಳಾಗುವುದು ಕೃತನಾಶ. ಏನನ್ನೂ ಮಾಡದೆ ಆಮೇಲೆ ಹುಟ್ಟಿದವನಿಗೆ ಆ ಫಲ ಬಂದು ಅಂಟುವುದು ಅಕೃತಾಭ್ಯಾಗಮ. ಕುಮಾರಿಲ ಭಟ್ಟನ ಶ್ಲೋಕವಾರ್ತಿಕದ ಆತ್ಮವಾದ ಪ್ರಕರಣವು ಈ ಬಗೆಯ ಆಕ್ಷೇಪವನ್ನು ಎತ್ತುತ್ತದೆ. ಎಂಟನೆಯ ಶತಮಾನದ ಶಾಂತರಕ್ಷಿತನು ತತ್ತ್ವಸಂಗ್ರಹದಲ್ಲಿ ಕರ್ಮಫಲಸಂಬಂಧದ ಪರೀಕ್ಷೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು ಉತ್ತರ ಕೊಡುತ್ತಾನೆ.

ಈ ಎರಡು ದೋಷಗಳೂ ಒಂದೇ ಘಟನೆಯಲ್ಲಿ, ಅದೂ ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ, ಕಾಣಿಸಿಕೊಳ್ಳುವ ಸ್ಥಳವೊಂದು ಇಂದಿನ ಗಣಕಲೋಕದಲ್ಲಿದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತನ್ನ ಬಳಿಗೆ ಬರುವ ಪ್ರತಿಯೊಂದು ಸಂಪರ್ಕಕ್ಕೂ ತನ್ನದೇ ನೆನಪುಳ್ಳ ಒಂದು ಪ್ರತ್ಯೇಕ ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಇದು ದುಬಾರಿಯಾದ್ದರಿಂದ, ಬೇರೆ ಹೇಳದಿದ್ದರೆ, ಸಂಪರ್ಕಗಳ ಮಿತಿ 100ಕ್ಕೆ ನಿಲ್ಲುತ್ತದೆ. ಮಾಹಿತಿ ಬೇಡುವ ಪ್ರೋಗ್ರಾಮುಗಳು, ಅಂದರೆ ಕ್ಲೈಂಟ್‌ಗಳು, ಸಾವಿರಗಟ್ಟಲೆ ಇರುವಲ್ಲಿ ನಡುವೆ ಒಂದು ಪ್ರಾಕ್ಸಿ ಸರ್ವರನ್ನು ನಿಲ್ಲಿಸುವುದು ವಾಡಿಕೆ. ಅದು ಡೇಟಾಬೇಸಿನ ಪರವಾಗಿ ಬೇಡಿಕೆಗಳನ್ನು ಸ್ವೀಕರಿಸಿ, ಕೆಲವೇ ನೈಜ ಸಂಪರ್ಕಗಳನ್ನು ಒಂದು ಗುಂಪಾಗಿ, ಅಂದರೆ ಪೂಲಾಗಿ, ಇಟ್ಟುಕೊಂಡು ಎಲ್ಲರಿಗೂ ಸರದಿಯಲ್ಲಿ ಹಂಚುತ್ತದೆ. 2007ರಲ್ಲಿ ಸ್ಕೈಪ್ ಸಂಸ್ಥೆಯಿಂದ ಹೊರಬಂದ ಪಿಜಿಬೌನ್ಸರ್ ಅಂಥದ್ದು. ಡೇಟಾಬೇಸಿನ ವಿಳಾಸ, ಪ್ರಾಕ್ಸಿಯ ಪೋರ್ಟ್ (ರೂಢಿಯಲ್ಲಿ 6432), ಪಾಸ್‌ವರ್ಡ್‌ಗಳಿರುವ ಕಡತದ ಹೆಸರು, ಒಂದು ಪೂಲಿನ ಸಂಪರ್ಕಗಳ ಸಂಖ್ಯೆ (ಬರೆಯದಿದ್ದರೆ 20) ಇವನ್ನೆಲ್ಲ ಒಂದು ಐಎನ್‌ಐ ಕಡತದಲ್ಲಿ ಬರೆದಿಟ್ಟು, ಕಮಾಂಡ್ ಲೈನಿನಲ್ಲಿ ಪ್ರೋಗ್ರಾಮಿನ ಹೆಸರನ್ನೂ 'ಡಿ' ಎಂಬ ಸೂಚಕವನ್ನೂ ಆ ಕಡತ ಇರುವ ದಾರಿಯನ್ನೂ ಟೈಪಿಸಿದರೆ ಅದು ಹಿನ್ನೆಲೆಯಲ್ಲಿ ಓಡತೊಡಗುತ್ತದೆ.

ದಾರ್ಶನಿಕ ಪ್ರಶ್ನೆ ಹುಟ್ಟುವುದು ಆ ಕಡತದ ಒಂದೇ ಸಾಲಿನಲ್ಲಿ, 'ಪೂಲ್ ಮೋಡ್' ಎಂಬಲ್ಲಿ. ಅಲ್ಲಿ 'ಸೆಷನ್' ಎಂದಿದ್ದರೆ ಕ್ಲೈಂಟ್ ಬಿಟ್ಟುಹೋಗುವವರೆಗೂ ಒಂದೇ ಸಂಪರ್ಕ ಅದರ ಕೈಯಲ್ಲಿರುತ್ತದೆ. ಆಮೇಲೆ 'ಡಿಸ್ಕಾರ್ಡ್ ಆಲ್' ಎಂಬ ಆಜ್ಞೆಯಿಂದ ಆ ಸಂಪರ್ಕದ ನೆನಪನ್ನೆಲ್ಲ ಅಳಿಸಿ ಇನ್ನೊಬ್ಬರಿಗೆ ಕೊಡಲಾಗುತ್ತದೆ. 'ಟ್ರಾನ್ಸಾಕ್ಷನ್' ಎಂದಿದ್ದರೆ, ಪೂರ್ತಿ ನಡೆಯುವ ಇಲ್ಲವೇ ಒಂದಿಷ್ಟೂ ನಡೆಯದಿರುವ ಕೆಲಸಗಳ ಒಂದು ಗುಂಪು, ಅಂದರೆ ಒಂದು ವಹಿವಾಟು, ಮುಗಿದೊಡನೆ ಸಂಪರ್ಕ ಕೈಬಿಡುತ್ತದೆ, ಮುಂದಿನ ಗುಂಪಿಗೆ ಬೇರೊಂದು ಸಿಗಬಹುದು. ಕ್ಲೈಂಟ್‌ಗೆ ಮಾತ್ರ ಮೊದಲಿನಿಂದಲೂ ಒಂದೇ ಸಂಪರ್ಕದಲ್ಲಿ ಇದ್ದಂತೆ ತೋರುತ್ತದೆ. ಇಲ್ಲಿ ಸ್ಥಾಯಿಯಾದ ಸಂಪರ್ಕವೆಂಬುದು ಇಲ್ಲ, ಸಂಪರ್ಕಗಳ ಸಂತಾನ ಮಾತ್ರ ಇದೆ.

ಈಗ ಒಂದು ಕ್ಲೈಂಟ್ ತನ್ನ ಪ್ರಶ್ನೆಗಳು ಐದು ಸೆಕೆಂಡಿಗಿಂತ ಹೆಚ್ಚು ಓಡಬಾರದೆಂದು 'ಸೆಟ್' ಆಜ್ಞೆಯಿಂದ ಮಿತಿ ಹಾಕಿಕೊಂಡಿತೆನ್ನೋಣ. ಆಜ್ಞೆ ಮುಗಿಯುತ್ತಲೇ ಸಂಪರ್ಕ ಪೂಲಿಗೆ ಮರಳುತ್ತದೆ, ಮಿತಿ ಆ ಸಂಪರ್ಕದಲ್ಲೇ ಉಳಿಯುತ್ತದೆ. ಮಿತಿ ಹಾಕಿದ ಕ್ಲೈಂಟ್‌ಗೆ ಮುಂದಿನ ಬಾರಿ ಬೇರೆ ಸಂಪರ್ಕ ಸಿಕ್ಕಿದರೆ ಅದರ ಪ್ರಶ್ನೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ: ಇದು ಕೃತನಾಶ. ಆ ಹಳೆಯ ಸಂಪರ್ಕವನ್ನು ಪಡೆದ ಇನ್ನೊಂದು ಕ್ಲೈಂಟ್ ಗಂಟೆಗಟ್ಟಲೆ ನಡೆಯಬೇಕಾದ ಲೆಕ್ಕವನ್ನು ಆರಂಭಿಸಿದರೆ ಐದನೆಯ ಸೆಕೆಂಡಿಗೆ ಅದು ಕಡಿದುಬೀಳುತ್ತದೆ: ಇದು ಅಕೃತಾಭ್ಯಾಗಮ. ಪಿಜಿಬೌನ್ಸರಿನ ಆಡಳಿತ ಕನ್ಸೋಲಿಗೆ ಹೊಕ್ಕು 'ಶೋ ಸರ್ವರ್ಸ್' ಎಂದು ಕೇಳಿದರೆ ಆ ಗಳಿಗೆಯಲ್ಲಿ ಯಾವ ಸಂಪರ್ಕ ಯಾರ ಕೈಯಲ್ಲಿದೆಯೆಂದು ಕಾಣಬಹುದು. ಆದರೆ ಎರಡನೆಯ ಕ್ಲೈಂಟ್ ಅನುಭವಿಸುತ್ತಿರುವುದು ಯಾರು ಮಾಡಿದ್ದರ ಫಲ ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಪ್ರತಿ ವಹಿವಾಟಿನ ಕೊನೆಗೂ ನೆನಪನ್ನು ತೊಳೆಯುವಂತೆ ಪ್ರಾಕ್ಸಿಗೆ ಹೇಳಲು ಸಾಧ್ಯವಿದೆ. ಆಗ ಅಕೃತಾಭ್ಯಾಗಮ ತಪ್ಪುತ್ತದೆ, ಆದರೆ ಅದುವರೆಗೆ ಕೆಲವೊಮ್ಮೆ ಮಾತ್ರ ಆಗುತ್ತಿದ್ದ ಕೃತನಾಶ ಪ್ರತಿಬಾರಿಯೂ ಆಗುತ್ತದೆ. ಎರಡು ದೋಷಗಳನ್ನು ಪ್ರಾಚೀನರು ಬಿಡಿಬಿಡಿಯಾಗಿ ಹೇಳದೆ ಜೋಡಿಯಾಗಿ ಹೇಳಿದ್ದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಬೌದ್ಧರ ಉತ್ತರ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಅರಗಿನ ಬಣ್ಣ ಹಿಡಿಸಿದ ಹತ್ತಿಯ ಬೀಜವನ್ನು ಬಿತ್ತಿದರೆ, ನಡುವಿನ ಮೊಳಕೆ, ಕಾಂಡ, ಎಲೆಗಳೆಲ್ಲ ಬೇರೆಬೇರೆಯಾದರೂ, ಅದೇ ಗಿಡದ ಹತ್ತಿಯಲ್ಲಿ ಕೆಂಪು ಕಾಣುವಂತೆ, ಯಾವ ಸಂತಾನದಲ್ಲಿ ಕರ್ಮದ ವಾಸನೆ, ಅಂದರೆ ಸಂಸ್ಕಾರ, ಹುದುಗಿತೋ ಅದರಲ್ಲೇ ಫಲ ಮೂಡುತ್ತದೆ ಎಂದು ಅವರು ಹೇಳಿದರು. ವಿಜಯನಗರ ಕಾಲದ ಮಾಧವನ ಸರ್ವದರ್ಶನಸಂಗ್ರಹವೂ ಈ ದೃಷ್ಟಾಂತವನ್ನು ಎತ್ತಿಕೊಂಡಿದೆ. ಪಿಜಿಬೌನ್ಸರ್ ಮಾಡುವ ಪರಿಹಾರವೂ ಇದೇ ಜಾತಿಯದು. ಅಕ್ಷರ ಸಂಕೇತ, ದಿನಾಂಕದ ರೂಪ, ಕಾಲವಲಯ ಮುಂತಾದ ಕೆಲವು ಆಯ್ಕೆಗಳನ್ನು ಅದು ಪ್ರತಿ ಕ್ಲೈಂಟಿನ ಹೆಸರಿನಲ್ಲಿ ನೆನಪಿಟ್ಟುಕೊಂಡು, ಹೊಸ ಸಂಪರ್ಕವನ್ನು ಕೊಡುವಾಗ ಅದರ ಮೇಲೆ ಮತ್ತೆ ಹಚ್ಚುತ್ತದೆ. 2023ರ 1.21ನೆಯ ಆವೃತ್ತಿಯಿಂದ, ಮುಂಚಿತವಾಗಿ ಸಿದ್ಧಪಡಿಸಿಟ್ಟ ಪ್ರಶ್ನೆಗಳನ್ನೂ ಹೀಗೆಯೇ ಹೊಸ ಸಂಪರ್ಕದಲ್ಲಿ ಮರಳಿ ಸಿದ್ಧಪಡಿಸಬಲ್ಲದು. ಕುಮಾರಿಲನ ಪಕ್ಷದವರು, ಹಾಗಾದರೆ ನೆನಪಿಡುವ ಪ್ರಾಕ್ಸಿಯೇ ಸ್ಥಾಯಿಯಾದ ಆತ್ಮವಾಯಿತಲ್ಲ ಎನ್ನಬಹುದು. ಅದೂ ನಿಲ್ಲುವುದಿಲ್ಲ, ಏಕೆಂದರೆ 'ಆರ್' ಎಂಬ ಸೂಚಕದೊಡನೆ ಹೊಸ ಪಿಜಿಬೌನ್ಸರನ್ನು ಆರಂಭಿಸಿದರೆ ಅದು ಓಡುತ್ತಿರುವ ಹಳೆಯದರಿಂದ ತೆರೆದ ಸಂಪರ್ಕಗಳನ್ನು ಪಡೆದುಕೊಂಡು ಮುಂದುವರಿಯುತ್ತದೆ, ಹಳೆಯದು ಇಲ್ಲವಾಗುತ್ತದೆ. ಗೂಢಲಿಪಿಯಲ್ಲಿ ನಡೆಯುವ ಸಂಪರ್ಕಗಳು ಮಾತ್ರ ಹೀಗೆ ದಾಟಲಾರದೆ ಕಡಿದುಹೋಗುತ್ತವೆ. ಇದರಿಂದ ತೋರುವುದಿಷ್ಟು: ಫಲವು ಕರ್ತೃವನ್ನೇ ತಲುಪಲು ನಿತ್ಯವಾದ ದ್ರವ್ಯ ಬೇಕಿಲ್ಲ, ಒಂದು ಕ್ಷಣ ಇನ್ನೊಂದಕ್ಕೆ ಒಪ್ಪಿಸುವ ಕ್ರಮ ಕಡಿಯದಿದ್ದರೆ ಸಾಕು, ಆದರೆ ಆ ಕ್ರಮ ತಾನಾಗಿ ಉಂಟಾಗುವುದಿಲ್ಲ, ಯಾವುದನ್ನು ಒಪ್ಪಿಸಬೇಕೆಂಬುದನ್ನು ಒಂದೊಂದಾಗಿ ಏರ್ಪಡಿಸಬೇಕು, ಏರ್ಪಡಿಸದ್ದು ಕಳೆದುಹೋಗುತ್ತದೆ. ಜಡಯಂತ್ರದ ದೃಷ್ಟಾಂತ ಚೇತನದ ವಿಷಯದಲ್ಲಿ ಪ್ರಮಾಣವಾಗದು; ಸಂಪರ್ಕಕ್ಕೆ ಸುಖವೂ ಇಲ್ಲ, ದುಃಖವೂ ಇಲ್ಲ. ಆದರೂ ಕರ್ಮಫಲದ ಮಟ್ಟಿಗೆ ಶಾಂತರಕ್ಷಿತನ ಪಕ್ಷವು ಅಸಂಗತವಲ್ಲವೆಂದು ತೋರಿಸಲು ಅದು ಸಾಕು.

ಅವನ ಪಕ್ಷಕ್ಕೆ ಹೆಚ್ಚು ಕಠಿಣವಾದದ್ದು ಕ್ರಿಯೆಯಿಲ್ಲದ ಹೊತ್ತಿನ ಪ್ರಶ್ನೆ. ಪೋಸ್ಟ್‌ಗ್ರೆಸಿನಲ್ಲಿ 'ಲಿಸನ್' ಎಂಬ ಆಜ್ಞೆ ಕೊಟ್ಟ ಕ್ಲೈಂಟ್ ಏನನ್ನೂ ಮಾಡದೆ, ಬೇರೆಯವರು ಕಳಿಸಬಹುದಾದ ಸೂಚನೆಗೆ ಕಾದು ಕುಳಿತಿರುತ್ತದೆ. ಸೂಚನೆ ಕಳಿಸುವುದು ಒಂದು ಕ್ರಿಯೆಯಾದ್ದರಿಂದ ಟ್ರಾನ್ಸಾಕ್ಷನ್ ಕ್ರಮದಲ್ಲೂ ನಡೆಯುತ್ತದೆ. ಕಾಯುವುದು ನಡೆಯುವುದಿಲ್ಲ, ಏಕೆಂದರೆ ಎರಡು ವಹಿವಾಟುಗಳ ನಡುವೆ ಆ ಕ್ಲೈಂಟ್‌ಗೆಂದು ಡೇಟಾಬೇಸಿನ ಬದಿಯಲ್ಲಿ ಯಾರೂ ಇರುವುದಿಲ್ಲ. ಸುಷುಪ್ತಿಯಿಂದ, ಕನಸೂ ಇಲ್ಲದ ನಿದ್ದೆಯಿಂದ, ಎದ್ದವನು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎಂದು ಸ್ಮರಿಸುವುದರಿಂದ ಆಗಲೂ ಒಬ್ಬ ಸಾಕ್ಷಿ ಇದ್ದಿರಲೇಬೇಕೆಂದು ಅದ್ವೈತಿಗಳು ವಾದಿಸಿದ್ದು ಇಂಥ ನಡುವಿನ ಹೊತ್ತನ್ನು ಕುರಿತೇ. ಕ್ಷಣಿಕವಾದಿಯು ಇದಕ್ಕೆ ಆಲಯವಿಜ್ಞಾನವೆಂಬ, ನಿದ್ದೆಯಲ್ಲೂ ಹರಿಯುವ ಸುಪ್ತಚಿತ್ತದ ಧಾರೆಯನ್ನು ಮುಂದಿಡಬಹುದು. ಆದರೆ ಆಗ ಅವನು ಟ್ರಾನ್ಸಾಕ್ಷನ್ ಕ್ರಮವನ್ನು ಬಿಟ್ಟು, ಕೆಲಸವಿರಲಿ ಇಲ್ಲದಿರಲಿ ಒಂದು ಸಂಪರ್ಕವನ್ನು ಒಬ್ಬರಿಗೇ ಹಿಡಿದಿಡುವ ಸೆಷನ್ ಕ್ರಮಕ್ಕೆ ಬಂದಂತಾಗುತ್ತದೆ. ಲಿಸನ್ ಬೇಕಾದ ಕ್ಲೈಂಟ್‌ಗಳಿಗೆ ಪಿಜಿಬೌನ್ಸರನ್ನು ನಡೆಸುವವರು ಮಾಡಿಕೊಡಬೇಕಾದ ಏರ್ಪಾಡೂ ಅದೇ.