ಸ್ಟಿಯರಿಂಗ್ ಸೊಟ್ಟಗಿದ್ದರೇನು?



ನಿಮ್ಮಲ್ಲಿ ಕಾರು, ಜೀಪು ಓಡಿಸುವವರಿಗೆ ಈ ಅನುಭವ ಹೊಸದಲ್ಲ. ಗುಂಡಿಬಿದ್ದ ರಸ್ತೆಗಳಲ್ಲಿ ಓಡಾಡಿದ ವಾಹನದ ಟೈರುಗಳು ಒಂದೇ ಬದಿ ಸವೆಯತೊಡಗುತ್ತವೆ. ವಾಹನ ಎಡಕ್ಕೋ ಬಲಕ್ಕೋ ಎಳೆಯುತ್ತದೆ. ನಾವು ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸುತ್ತೇವೆ. ಎಳೆತ ನಿಲ್ಲುತ್ತದೆ. ಆದರೆ ಮನೆಗೆ ಹಿಂತಿರುಗುವಾಗ ನೋಡಿದರೆ, ಕಾರು ನೇರವಾಗಿ ಹೋಗುತ್ತಿದೆ, ಕೈಯಲ್ಲಿರುವ ಸ್ಟಿಯರಿಂಗ್ ಮಾತ್ರ ಒಂದು ಕಡೆಗೆ ವಾಲಿಕೊಂಡಿದೆ!

ನಮ್ಮ ಧರ್ಮಕೇಂದ್ರದ ಹಳೆಯ ಕಾರಿಗೂ ಕಳೆದ ಮಳೆಗಾಲದ ನಂತರ ಹೀಗೇ ಆಯಿತು. ಗಡಿಯಾರಕ್ಕೆ ಹೋಲಿಸಿ ಹೇಳುವುದಾದರೆ, ಹನ್ನೆರಡರಲ್ಲಿ ಇರಬೇಕಾದದ್ದು ಒಂದರತ್ತ ಸರಿದಿತ್ತು. "ಕಾರು ನೇರ ಹೋಗುತ್ತಿದೆಯಲ್ಲ, ಸ್ಟಿಯರಿಂಗ್ ಸೊಟ್ಟಗಿದ್ದರೇನು?" ಎಂದುಕೊಂಡು ಎರಡು ತಿಂಗಳು ಹಾಗೆಯೇ ಓಡಿಸಿದೆ. ಮೊದಲ ವಾರ ಕಿರಿಕಿರಿಯಾಯಿತು. ಆಮೇಲೆ ಕೈಗೆ ರೂಢಿಯಾಯಿತು. ಒಂದು ದಿನ ಪಕ್ಕದ ಧರ್ಮಕೇಂದ್ರದ ಗುರುಗಳ ಕಾರು ಓಡಿಸಬೇಕಾಗಿ ಬಂದಾಗ, ನೆಟ್ಟಗಿದ್ದ ಅವರ ಸ್ಟಿಯರಿಂಗೇ ನನಗೆ ಸೊಟ್ಟಗೆ ಕಂಡಿತು! ಆಗ ಗಾಬರಿಯಾಗಿ ಊರಿನ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಹೋದೆ.

"ಫಾದರ್, ಇದಕ್ಕೆ ಎರಡು ದಾರಿ ಇದೆ," ಎಂದರು ಅವರು. "ಸ್ಟಿಯರಿಂಗ್ ಕಳಚಿ, ಹಲ್ಲು ದಾಟಿಸಿ ನೇರಕ್ಕೆ ಕೂರಿಸಿಬಿಡಬಹುದು. ಬೇಗ ಮುಗಿಯುವ ಕೆಲಸ. ಆದರೆ ಅದು ಕಣ್ಣಿಗೆ ಮಾತ್ರ ಸರಿ. ಕೆಳಗಿನ ತಪ್ಪು ಕೆಳಗೇ ಇರುತ್ತದೆ."

ಅವರು ವಿವರಿಸಿದ್ದು ಇಷ್ಟು. ಸ್ಟಿಯರಿಂಗ್‌ನ ತಿರುವನ್ನು ಕೆಳಗಿರುವ ಗೇರ್ ಪಡೆದುಕೊಂಡು, ಎಡಬಲಗಳ ಟೈ ರಾಡ್‌ಗಳ ಮೂಲಕ ಎರಡು ಚಕ್ರಗಳಿಗೆ ಮುಟ್ಟಿಸುತ್ತದೆ. ಅಲೈನ್‌ಮೆಂಟ್ ಮಾಡುವವರು ಮೊದಲು ಸ್ಟಿಯರಿಂಗ್ ನೆಟ್ಟಗೆ ಹಿಡಿದು ಬಿಗಿದು, ಆನಂತರವೇ ಆ ಟೈ ರಾಡ್‌ಗಳ ಉದ್ದವನ್ನು ಹೊಂದಿಸಬೇಕು. ಆ ಮೊದಲ ಕೆಲಸ ತಪ್ಪಿದರೆ ಚಕ್ರಗಳು ಒಂದಕ್ಕೊಂದು ಹೊಂದಿಕೊಂಡರೂ ಒಳಗಿನ ಗೇರ್ ನಡುಮಧ್ಯದಿಂದ ಸರಿದೇ ನಿಲ್ಲುತ್ತದೆ. ಮೇಲೆ ಸ್ಟಿಯರಿಂಗ್ ಮಾತ್ರ ಕಿತ್ತು ಕೂರಿಸಿದರೆ ಆ ಗೇರ್ ಮಧ್ಯಕ್ಕೆ ಬರುವುದಿಲ್ಲ. ಏರ್‌ಬ್ಯಾಗ್ ಇರುವ ಕಾರುಗಳಲ್ಲಂತೂ ತಿಳಿಯದವರು ಅದಕ್ಕೆ ಕೈಹಚ್ಚುವುದೇ ಅಪಾಯ. ಸರಿಯಾದ ದಾರಿ ಯಾವುದೆಂದರೆ, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಕಾರಿನ ಕೆಳಗೆ ಮಲಗಿ, ಎರಡೂ ಕಡೆಯ ಲಾಕ್ ನಟ್ ಸಡಿಲಿಸಿ, ಒಂದು ಟೈ ರಾಡ್ ಎಷ್ಟು ಉದ್ದವಾಗುತ್ತದೋ ಇನ್ನೊಂದನ್ನು ಅಷ್ಟೇ ಗಿಡ್ಡಮಾಡುವುದು. ಒಂದೇ ಕಡೆ ತಿರುಗಿಸಿದರೆ ಚಕ್ರಗಳ ಹೊಂದಾಣಿಕೆ ಮತ್ತೆ ಕೆಡುತ್ತದೆ. ಮೇಸ್ತ್ರಿ ಮೂರು ಸಲ ಕೆಳಗೆ ಮಲಗಿ ಎದ್ದರು. ಪ್ರತಿ ಸಲವೂ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ನೋಡಿದರು. ಆ ಹೊತ್ತಿನಲ್ಲಿ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದ ನನ್ನ ಮನಸ್ಸು ಕಾರನ್ನು ಬಿಟ್ಟು ಬೇರೆಡೆಗೆ ಹೋಗಿತ್ತು.

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ದೇವಾಲಯದ ವಾರ್ಷಿಕ ಹಬ್ಬಕ್ಕೆ ದೀಪಾಲಂಕಾರ, ಧ್ವನಿವರ್ಧಕಗಳ ಖರ್ಚು ಅಂದಾಜು ಮೀರಿತು. ಬಡವರಿಗೆಂದು ಭಕ್ತರು ಹಾಕುವ ಸಂತ ಅಂತೋಣಿಯವರ ಪೆಟ್ಟಿಗೆಯಿಂದ ನಾನು 18,000 ರೂಪಾಯಿ ತೆಗೆದು ಬಾಕಿ ತೀರಿಸಿದೆ. ಹಬ್ಬ ಚೆನ್ನಾಗಿ ನಡೆಯಿತು, ಎಲ್ಲರೂ ಮೆಚ್ಚಿದರು, ಲೆಕ್ಕವೂ ತಾಳೆಯಾಯಿತು. ಒಂದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಗುರುಮಠದಲ್ಲಿ ಅದನ್ನು ಓದಿಯೇ ಬಂದವನು ನಾನು. ಮನಸ್ಸು ಚುಚ್ಚಿದಾಗ, "ಎರಡೂ ದೇವರ ಹಣವೇ ತಾನೇ?" ಎಂದು ಸಮಾಧಾನ ಹೇಳಿಕೊಂಡೆ. ಮುಂದಿನ ವಾರ ವಯಸ್ಸಾದ ತಾಯಿಯೊಬ್ಬರು ಔಷಧಿಗೆ ಸಹಾಯ ಕೇಳಿ ಬಂದರು. "ಈ ತಿಂಗಳು ಪೆಟ್ಟಿಗೆಯಲ್ಲಿ ಹಣ ಇಲ್ಲಮ್ಮ" ಎಂದೆ. "ಆಗಲಿ ಸ್ವಾಮಿ" ಎಂದು ಕೈಮುಗಿದು ಹೋದರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಸತ್ಯವೂ ಅಲ್ಲ. ಅಂದಿನಿಂದ ಆ ಚುಚ್ಚುವಿಕೆಯೂ ನಿಂತುಹೋಯಿತು. ನಾನದನ್ನು ಮನಶ್ಶಾಂತಿಯೆಂದು ಭಾವಿಸಿದೆ.

ಪರಿಣಾಮ ಚೆನ್ನಾಗಿದ್ದರೆ ಒಳಗಿನ ಓರೆಯನ್ನು ಏಕೆ ಎಣಿಸಬೇಕು? ಅನೇಕರು ಈ ಪ್ರಶ್ನೆ ಕೇಳುತ್ತಾರೆ, ಇದು ಸುಲಭದ ಪ್ರಶ್ನೆಯಲ್ಲ. ಉತ್ತರ ಆ ಎರಡು ತಿಂಗಳ ನನ್ನ ಕೈಗಳಲ್ಲಿತ್ತು. ಸ್ಟಿಯರಿಂಗ್ ನಮಗೆ ದಿಕ್ಕು ತೋರುವ ಗುರುತೂ ಹೌದು. ಸೊಟ್ಟದ್ದೇ ರೂಢಿಯಾದವನಿಗೆ ನಾಳೆ ನಿಜವಾಗಿಯೂ ಕಾರು ದಾರಿ ಬಿಟ್ಟು ಎಳೆದಾಗ ಅದು ತಿಳಿಯುವುದಿಲ್ಲ. ಆತ್ಮಸಾಕ್ಷಿಯೂ ಹೀಗೆಯೇ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ, ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಶಾಸನವು ಆತ್ಮಸಾಕ್ಷಿಯನ್ನು ಮಾನವನು ದೇವರೊಂದಿಗೆ ಏಕಾಂತದಲ್ಲಿರುವ ಅಂತರಂಗದ ಪವಿತ್ರ ಸ್ಥಾನವೆಂದು ಬಣ್ಣಿಸುತ್ತದೆ. ಜೊತೆಗೇ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಸತ್ಯವನ್ನು ಅರಸುವ ಕಾಳಜಿಯಿಲ್ಲದೆ ಪಾಪಕ್ಕೆ ರೂಢಿಯಾದವನ ಆತ್ಮಸಾಕ್ಷಿ ಮೆಲ್ಲಮೆಲ್ಲನೆ ಕುರುಡಾಗುತ್ತದೆ. ಸಂತ ಥಾಮಸ್ ಅಕ್ವಿನಾಸರ ಬೋಧನೆಯೂ ಇದೇ: ಆತ್ಮಸಾಕ್ಷಿ ತಪ್ಪಿದ್ದಾಗಲೂ ಅದಕ್ಕೆ ವಿರುದ್ಧವಾಗಿ ನಡೆಯುವುದು ತಪ್ಪು, ಆದರೆ ಆ ಅಜ್ಞಾನವನ್ನು ನಾವೇ ತಂದುಕೊಂಡಿದ್ದರೆ ಅದು ನೆಪವಾಗದು. ಹಾಗಾದರೆ "ನನ್ನ ಮನಸ್ಸಿಗೆ ತಪ್ಪೆನಿಸಲಿಲ್ಲ" ಎಂಬ ಮಾತಿನಿಂದ ನಮ್ಮ ಹೊಣೆ ಮುಗಿಯುವುದಿಲ್ಲ. ತಪ್ಪೆನಿಸದ ಹಾಗೆ ಮಾಡಿಕೊಂಡವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕಣ್ಣೇ ದೇಹದ ದೀಪ, ಆ ಬೆಳಕೇ ಕತ್ತಲಾದರೆ ಕತ್ತಲು ಎಷ್ಟು ಘೋರವೆಂದು ಪ್ರಭು ಯೇಸು ಎಚ್ಚರಿಸಿದ್ದು ಇದಕ್ಕಾಗಿಯೇ.

"ಎರಡೂ ದೇವರ ಹಣವೇ" ಎಂದಾಗ ನಾನು ಮಾಡಿದ್ದು ಸ್ಟಿಯರಿಂಗ್ ಕಿತ್ತು ಕೂರಿಸುವ ಕೆಲಸ. ಬದುಕನ್ನು ತಿದ್ದದೆ ಅಳತೆಗೋಲನ್ನೇ ತಿದ್ದಿದೆ. ಇನ್ನು ಕೆಳಗೆ ಮಲಗಬೇಕಿತ್ತು. ಅಲ್ಲಿಯೂ ಒಂದು ಶೋಧನೆ ಕಾದಿತ್ತು. ಧರ್ಮೋಪದೇಶದ ಮಕ್ಕಳ ಪ್ರವಾಸಕ್ಕೆಂದು ಸ್ವಲ್ಪ ಹಣವಿತ್ತು. ಅದನ್ನೇ ಪೆಟ್ಟಿಗೆಗೆ ಹಾಕಿದರೆ? ಅದು ಒಂದೇ ಕಡೆಯ ಟೈ ರಾಡ್ ತಿರುಗಿಸಿದಂತೆ; ಒಂದು ತಪ್ಪು ಮುಚ್ಚಲು ಇನ್ನೊಂದು. ಬಡವರ ಕಡೆ ಎಷ್ಟು ಸೇರಬೇಕೋ ಅಷ್ಟು ನನ್ನ ಕಡೆಯಿಂದಲೇ ಕಡಿಮೆಯಾಗಬೇಕಿತ್ತು. ಪಾಪನಿವೇದನೆ ಮಾಡಿದೆ. ಹಣಕಾಸು ಸಮಿತಿಯ ಮುಂದೆ ವಿಷಯ ಇಟ್ಟೆ, ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ನಿಮ್ಮಂಥ ಭಕ್ತರಿಗೂ ತಿಳಿಸಿದೆ. ನನ್ನ ಮಾಸಿಕ ಭತ್ಯೆಯಿಂದ ತಿಂಗಳಿಗೆ 2,000ದಂತೆ ಕಟ್ಟುತ್ತಿದ್ದೇನೆ. ಆ ತಾಯಿಯ ಮನೆಗೂ ಹೋದೆ. ಆ ತಿಂಗಳು ಅವರು ಒಂದು ಮಾತ್ರೆಯನ್ನು ಎರಡು ದಿನಕ್ಕೆ ಅರ್ಧರ್ಧ ಮಾಡಿ ನುಂಗಿದ್ದರಂತೆ. ಹಣವನ್ನು ಹಿಂದಿರುಗಿಸಬಹುದು. ಆ ಅರ್ಧ ಮಾತ್ರೆಗಳನ್ನು ಹೇಗೆ ಹಿಂದಿರುಗಿಸಲಿ?

ಈ ಕಥೆ ಗುರುವಿನದು ಮಾತ್ರವಲ್ಲ. ನಮ್ಮ ಕುಟುಂಬಗಳಲ್ಲಿ ಆಸ್ತಿ ಪಾಲಾಗುವಾಗ ಏನಾಗುತ್ತದೆ, ನೋಡಿ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಆದರೂ "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂದು ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದುಂಟು. ಅವಳು ಒತ್ತಡಕ್ಕೆ ಮಣಿದು ಸಹಿ ಹಾಕಿದರೆ ಪತ್ರ ನೇರವಾಗಿರುತ್ತದೆ, ಮನೆಯೂ ನಡೆಯುತ್ತದೆ. ಹತ್ತು ವರ್ಷಗಳಾದ ಮೇಲೆ ಅದು ತಪ್ಪೆಂದು ಹೇಳಿದವರೇ ಸೊಟ್ಟಗೆ ಕಾಣುತ್ತಾರೆ.

ಜಕ್ಕಾಯನನ್ನು ನೆನೆಯಿರಿ. ಪ್ರಭು ಮನೆಗೆ ಬಂದಾಗ ಅವನು ಬರಿಯ ಕಣ್ಣೀರು ಸುರಿಸಲಿಲ್ಲ. ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವುದಾಗಿಯೂ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವುದಾಗಿಯೂ ಎದ್ದು ನಿಂತು ಹೇಳಿದ. ಪಾಪನಿವೇದನೆಯಲ್ಲಿ ಕ್ಷಮೆ ಉಚಿತ. ಆದರೆ ಕಸಿದುಕೊಂಡದ್ದನ್ನು ಶಕ್ತ್ಯಾನುಸಾರ ಹಿಂದಿರುಗಿಸುವ ಬಾಧ್ಯತೆ ಹಾಗೇ ಉಳಿಯುತ್ತದೆ.

ಇಂದು ರಾತ್ರಿ ಜಪಸರ ಮುಗಿದ ಮೇಲೆ ಐದು ನಿಮಿಷ ಮೌನವಾಗಿ ಕುಳಿತುಕೊಳ್ಳಿ. "ಇಂದು ಏನು ತಪ್ಪು ಮಾಡಿದೆ?" ಎಂದು ಕೇಳಿಕೊಳ್ಳುವುದು ನಮಗೆ ಗೊತ್ತು. ಅದರ ಜೊತೆಗೆ, "ಮೊದಲು ಚುಚ್ಚುತ್ತಿದ್ದ ಯಾವುದು ಈಗ ನನಗೆ ರೂಢಿಯಾಗಿದೆ?" ಎಂದೂ ಕೇಳಿಕೊಳ್ಳಿ. ಉತ್ತರ ತಾನಾಗಿ ಹೊಳೆಯದಿದ್ದರೆ ಹೆಂಡತಿಯನ್ನೋ ಗಂಡನನ್ನೋ ಕೇಳಿ. ಪಕ್ಕದಲ್ಲಿ ಕುಳಿತವರಿಗೆ ಸ್ಟಿಯರಿಂಗ್‌ನ ಓರೆ ಬೇಗ ಕಾಣುತ್ತದೆ. ಮೆಲ್ಲನೆ ಕುರುಡಾದ ಕಣ್ಣನ್ನೂ ತೆರೆಯಬಲ್ಲ ಪ್ರಭು ನಿಮಗೂ ನನಗೂ ಕೆಳಗಿಳಿದು ತಿದ್ದಿಕೊಳ್ಳುವ ಧೈರ್ಯವನ್ನು ದಯಪಾಲಿಸಲಿ.